ತಿಂಗಳುಗಟ್ಟಲೆ ನಿಲ್ಲಿಸಿದ ಕಾರಿನ ಬಾಗಿಲು ತೆರೆಯುತ್ತಿಲ್ಲವೇ? ಎಳೆಯುವ ಮೊದಲು ಇದನ್ನು ಓದಿ

ಉಪ್ಪಳ, ಮಂಜೇಶ್ವರ, ಕುಂಬಳೆ ಕಡೆ ಯಾವ ಊರಿಗೆ ಹೋದರೂ ಈ ದೃಶ್ಯ ಸಾಮಾನ್ಯ. ಮನೆಯ ಬದಿಯಲ್ಲಿ ತಗಡಿನ ಶೆಡ್ಡು, ಅದರ ಕೆಳಗೆ ಒಂದು ಕಾರು. ಕಾರಿನ ಮೇಲೆ ಕವರ್, ಕವರಿನ ಮೇಲೆ ಧೂಳು, ಒಣ ಎಲೆ. ಯಜಮಾನ ದುಬೈಯಲ್ಲೋ ದಮಾಮಿನಲ್ಲೋ ಇರ್ತಾರೆ. ರಜೆಗೆ ಬಂದಾಗ ಒಂದೆರಡು ತಿಂಗಳು ಓಡುವ ಕಾರು ಉಳಿದ ದಿನವೆಲ್ಲ ನಿಂತಲ್ಲೇ ನಿಂತಿರ್ತದೆ.

ನನ್ನ ಭಾವನ ಕಾರು ಹೀಗೆ 14 ತಿಂಗಳು ನಮ್ಮ ಮನೆಯಂಗಳದಲ್ಲಿತ್ತು. ಭಾವ ಊರಿಗೆ ಬಂದ ಮರುದಿನ ಬೆಳಿಗ್ಗೆ ಕವರ್ ತೆಗೆದು ಹ್ಯಾಂಡಲ್ ಎಳೆದರು. ಬಾಗಿಲು ಅಲುಗಾಡಲಿಲ್ಲ. ಇನ್ನೂ ಜೋರಾಗಿ ಎಳೆದರು. ಹ್ಯಾಂಡಲ್ ಕೈಗೆ ಬಂತು, ಬಾಗಿಲು ಅಲ್ಲೇ ಉಳಿಯಿತು! ಹೊಸ ಹ್ಯಾಂಡಲ್, ಅದಕ್ಕೆ ಕಾರಿನ ಬಣ್ಣ, ಕೂಲಿ ಅಂತ ಖರ್ಚಿನ ಪಟ್ಟಿ ಶುರುವಾಯಿತು. ಕೊನೆಗೆ ನೋಡಿದರೆ ಬಾಗಿಲಿನ ರಬ್ಬರ್ ಬಾಡಿಗೆ ಅಂಟಿಕೊಂಡಿತ್ತು, ಅಷ್ಟೇ. ಅಂಗೈಯಲ್ಲಿ ಒತ್ತಿ ಬಿಡಿಸಬಹುದಾಗಿದ್ದ ಕೆಲಸ.

ನಾನು ಮೆಕ್ಯಾನಿಕ್ ಅಲ್ಲ, ಓದಿದ್ದು ಬಿ.ಕಾಂ., ನಡೆಸುವುದು ಸಣ್ಣ ಹಾರ್ಡ್‌ವೇರ್ ಅಂಗಡಿ. ರಜೆಯ ಸೀಸನ್ ಬಂದರೆ "ಕಾರಿನ ಬಾಗಿಲು ಹಿಡಿದಿದೆ, ಒಂದು ಸ್ಪ್ರೇ ಕೊಡಿ" ಅಂತ ಕೇಳಿಕೊಂಡು ಬರುವವರು ತುಂಬಾ ಜನ. ಈಗ ನಾನು ಸ್ಪ್ರೇ ಕೊಡುವ ಮೊದಲು "ಹಿಡಿದದ್ದು ಯಾವುದು?" ಅಂತ ಕೇಳ್ತೇನೆ. ಯಾಕೆಂದರೆ ತೆರೆಯದ ಬಾಗಿಲಿಗೆ ಕಾರಣ ಒಂದೇ ಅಲ್ಲ, ಒಂದೊಂದಕ್ಕೂ ಮದ್ದು ಬೇರೆ ಬೇರೆ. ಗ್ಯಾರೇಜಿನವರ ಜೊತೆ ಮಾತಾಡಿ, ಕೈಯಾರೆ ಮಾಡಿ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ನಮ್ಮ ಕಡೆ ಬಾಗಿಲು ಯಾಕೆ ಹಿಡಿಯುತ್ತದೆ?

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬೀಳ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆ ಇಲ್ಲದಾಗ ಸಮುದ್ರದ ಉಪ್ಪುಗಾಳಿ. ಉಪ್ಪು ಮತ್ತು ತೇವ ಎರಡೂ ಸೇರಿದರೆ ಕಬ್ಬಿಣಕ್ಕೆ ತುಕ್ಕು ಬೇಗ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಬಾಗಿಲಿನ ಸುತ್ತ ಇರುವ ರಬ್ಬರ್ ಮೆತ್ತಗಾಗಿ ಪೈಂಟಿಗೆ ಅಂಟುತ್ತದೆ. ಲಾಕಿನ ಒಳಗಿನ ಗ್ರೀಸ್ ಧೂಳು ಹಿಡಿದು ಗಟ್ಟಿಯಾಗ್ತದೆ. ದಿನಾ ತೆರೆದು ಮುಚ್ಚುವ ಕಾರಿನಲ್ಲಿ ಇದು ಯಾವುದೂ ಗೊತ್ತಾಗುವುದಿಲ್ಲ. ನಿಂತ ಕಾರಿನಲ್ಲಿ ಎಲ್ಲವೂ ಒಟ್ಟಿಗೆ ಸೇರಿಕೊಳ್ತದೆ.

ಇದರ ಮೇಲೆ ಬ್ಯಾಟರಿ. ಆಫ್ ಮಾಡಿ ಲಾಕ್ ಹಾಕಿದ ಕಾರು ಕೂಡ ಅಲಾರಂ, ರಿಮೋಟ್ ರಿಸೀವರ್, ಗಡಿಯಾರಕ್ಕೆ ಅಂತ ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರ್ತದೆ. ಲೆಕ್ಕ ಹಾಕಿ ನೋಡಿ: 30 ಮಿಲಿಆಂಪಿಯರ್ ಎಳೆದರೆ ದಿನಕ್ಕೆ 0.72 ಆಂಪಿಯರ್ ಅವರ್. ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ಫುಲ್ ಇದ್ದರೂ ಸುಮಾರು ಏಳು ವಾರಕ್ಕೆ ಖಾಲಿ. ವರ್ಷ ನಿಂತ ಕಾರಿನ ರಿಮೋಟ್ ಒತ್ತಿದಾಗ ಏನೂ ಆಗದಿದ್ದರೆ ಆಶ್ಚರ್ಯ ಪಡ್ಲಿಕ್ಕೆ ಏನೂ ಇಲ್ಲ.

ಮೊದಲು ಐದು ನಿಮಿಷದ ಪರೀಕ್ಷೆ

ಹ್ಯಾಂಡಲಿನ ಅಡಿಗೆ ಕೈ ಹಾಕುವ ಮೊದಲು ಟಾರ್ಚ್ ಹಾಕಿ ನೋಡಿ. ನಿಂತ ಕಾರಿನ ಹ್ಯಾಂಡಲಿನ ಸಂದಿಯಲ್ಲಿ, ಬಾಗಿಲಿನ ಅಂಚಿನಲ್ಲಿ ಕಣಜ ಗೂಡು ಕಟ್ಟಿರುವುದುಂಟು. ಅದಾದ ಮೇಲೆ ಈ ನಾಲ್ಕು ಪ್ರಶ್ನೆ:

1. ರಿಮೋಟ್ ಒತ್ತಿದಾಗ ಇಂಡಿಕೇಟರ್ ಮಿನುಗುತ್ತದಾ, ಲಾಕಿನ ಟಕ್ ಶಬ್ದ ಬರ್ತದಾ? ಎರಡೂ ಇಲ್ಲದಿದ್ದರೆ ಕಾರಿನ ಬ್ಯಾಟರಿ ಅಥವಾ ರಿಮೋಟಿನ ಬ್ಯಾಟರಿ ಸತ್ತಿದೆ.

2. ಕೀ ಹಾಕಿದರೆ ಒಳಗೆ ಹೋಗ್ತದಾ, ತಿರುಗ್ತದಾ? ಹೋಗದಿದ್ದರೆ ಅಥವಾ ತಿರುಗದಿದ್ದರೆ ಕೀ ಹಾಕುವ ತೂತಿನ ಒಳಭಾಗ ಹಿಡಿದಿದೆ.

3. ಲಾಕ್ ತೆರೆದಿದೆ, ಹ್ಯಾಂಡಲ್ ಎಳೆದಾಗ ಒಳಗೆ ಕೊಂಡಿ ಬಿಟ್ಟ ಶಬ್ದವೂ ಬಂತು, ಆದರೆ ಬಾಗಿಲು ಬರುವುದಿಲ್ಲವಾ? ರಬ್ಬರ್ ಅಂಟಿದೆ ಅಥವಾ ಹಿಂಜ್ ತುಕ್ಕು ಹಿಡಿದಿದೆ.

4. ಹ್ಯಾಂಡಲ್ ಸಡಿಲವಾಗಿ ಬರ್ತದೆ, ಶಬ್ದವೇ ಇಲ್ಲವಾ? ಒಳಗಿನ ಕೇಬಲ್ ತುಂಡಾಗಿದೆ ಅಥವಾ ಕಳಚಿದೆ. ಹ್ಯಾಂಡಲ್ ಗಟ್ಟಿಯಾಗಿದ್ದು ಶಬ್ದ ಇಲ್ಲದಿದ್ದರೆ ಲ್ಯಾಚ್ ಹಿಡಿದಿದೆ. ಲ್ಯಾಚ್ ಅಂದರೆ ಬಾಗಿಲಿನ ಅಂಚಿನಲ್ಲಿ ಬಾಡಿಯ ಕೊಂಡಿಯನ್ನು ಕಚ್ಚಿ ಹಿಡಿಯುವ ಭಾಗ.

ಈ ಪರೀಕ್ಷೆಯನ್ನು ನಾಲ್ಕೂ ಬಾಗಿಲಿಗೆ, ಡಿಕ್ಕಿಗೂ ಮಾಡಿ. ಒಂದು ಬಾಗಿಲು ತೆರೆದರೆ ಅರ್ಧ ಕೆಲಸ ಆದ ಹಾಗೆ. ಒಳಗೆ ಹೋಗಿ ಉಳಿದದ್ದನ್ನು ಒಳಗಿನಿಂದ ತೆರೆಯಲಿಕ್ಕೆ ನೋಡಬಹುದು. ಹ್ಯಾಚ್‌ಬ್ಯಾಕ್ ಕಾರಾದರೆ ಡಿಕ್ಕಿಯ ದಾರಿಯಿಂದ ಹಿಂದಿನ ಸೀಟು ಮಡಚಿ ಒಳಗೆ ನುಗ್ಗಬಹುದು.

ಬ್ಯಾಟರಿ ಸತ್ತಿದ್ದರೆ

ಬ್ಯಾಟರಿ ಇಲ್ಲದೆಯೂ ಹೆಚ್ಚಿನ ಕಾರಿನ ಡ್ರೈವರ್ ಬಾಗಿಲನ್ನು ಲೋಹದ ಕೀಯಿಂದ ತೆರೆಯಬಹುದು. ಬಟನ್ ಸ್ಟಾರ್ಟ್ ಕಾರಿನವರು "ನಮ್ಮದಕ್ಕೆ ಕೀಯೇ ಇಲ್ಲ" ಅಂತ ಹೇಳ್ತಾರೆ. ಉಂಟು. ರಿಮೋಟಿನ ಬದಿಯಲ್ಲಿರುವ ಸಣ್ಣ ಗುಂಡಿ ಸರಿಸಿದರೆ ಒಳಗಿನಿಂದ ಸಪೂರದ ಕೀ ಹೊರಗೆ ಬರ್ತದೆ. ಕೆಲವು ಕಾರಿನಲ್ಲಿ ಕೀ ಹಾಕುವ ತೂತು ಕಾಣುವುದಿಲ್ಲ, ಹ್ಯಾಂಡಲಿನ ತುದಿಯ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಇರ್ತದೆ. ಕಾರಿನ ಪುಸ್ತಕದಲ್ಲಿ ಅದರ ಚಿತ್ರ ಇರ್ತದೆ.

ಹೀಗೆ ಕೀ ತಿರುಗಿಸಿದರೆ ಡ್ರೈವರ್ ಬಾಗಿಲು ಮಾತ್ರ ತೆರೆಯುವುದು. ಉಳಿದ ಬಾಗಿಲುಗಳ ಲಾಕನ್ನು ಒಳಗೆ ಕೂತು ಕೈಯಿಂದಲೇ ತೆಗೆಯಬೇಕು. ಆಮೇಲೆ ಬಾನೆಟ್ ತೆರೆದು ಬ್ಯಾಟರಿ ನೋಡಿ. ಫುಲ್ ಚಾರ್ಜ್ ಇರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸ್ತದೆ. 12ಕ್ಕಿಂತ ಕೆಳಗಿದ್ದರೆ ಖಾಲಿ ಎಂದೇ ಅರ್ಥ. ಉಬ್ಬಿದ, ಸೋರಿದ ಬ್ಯಾಟರಿಗೆ ಬೇರೆ ಕಾರಿನಿಂದ ಕರೆಂಟ್ ಕೊಡಬೇಡಿ, ಬದಲಾಯಿಸಿ.

ಜಂಪ್ ಕೊಡುವುದಾದರೆ ಕ್ರಮ ಹೀಗೆ: ಮೊದಲು ಕೆಂಪು ವೈರು ಸತ್ತ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ವೈರು ಒಳ್ಳೆ ಬ್ಯಾಟರಿಯ ಮೈನಸ್‌ಗೆ, ಕೊನೆಯ ತುದಿ ಸತ್ತ ಕಾರಿನ ಎಂಜಿನ್ನಿನ ಬರಿ ಲೋಹಕ್ಕೆ. ಕೊನೆಯ ತುದಿಯನ್ನು ಬ್ಯಾಟರಿಗೆ ಯಾಕೆ ಹಾಕಬಾರದು ಅಂದರೆ, ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್ ಗ್ಯಾಸಿಗೆ ಕಿಡಿ ತಾಗಿದರೆ ಸಿಡಿಯಬಹುದು.

ಕೀ ತಿರುಗದಿದ್ದರೆ

ಬಲ ಹಾಕಿ ತಿರುಗಿಸಬೇಡಿ. ಕೀ ಒಳಗೆ ಮುರಿದರೆ ಸಣ್ಣ ಕೆಲಸ ದೊಡ್ಡದಾಗ್ತದೆ. ಮೊದಲು ಸ್ಪೇರ್ ಕೀ ಹಾಕಿ ನೋಡಿ. ದಿನಾ ಬಳಸಿ ಸವೆದ ಕೀಗಿಂತ ಅದು ಚೆನ್ನಾಗಿ ಕೂರ್ತದೆ. ಆಗದಿದ್ದರೆ ಡಬ್ಲ್ಯೂಡಿ-40 ತರಹದ ತುಕ್ಕು ಬಿಡಿಸುವ ಸ್ಪ್ರೇಯ ಸಪೂರ ನಳಿಗೆಯನ್ನು ತೂತಿಗೆ ಇಟ್ಟು ಸ್ವಲ್ಪ ಹೊಡೆಯಿರಿ. ಹತ್ತು ನಿಮಿಷ ಬಿಟ್ಟು, ಕೀಯನ್ನು ನಿಧಾನ ಒಳಗೆ ಹೊರಗೆ ಆಡಿಸಿ. ಪ್ರತಿ ಸಲ ಕೀಗೆ ಹತ್ತಿದ ಕೊಳೆ ಒರೆಸಿ. ಅದು ಬಿಟ್ಟ ಮೇಲೆ ಗ್ರಾಫೈಟ್ ಪುಡಿ ಅಥವಾ ಒಣ ಲೂಬ್ರಿಕೆಂಟ್ ಹಾಕಿದರೆ ತುಂಬಾ ದಿನ ಬಾಳ್ತದೆ. ತುಕ್ಕು ಬಿಡಿಸುವ ಸ್ಪ್ರೇ ಬಿಡಿಸಲಿಕ್ಕೆ ಮಾತ್ರ ಒಳ್ಳೆಯದು. ಅದು ಬೇಗ ಆರಿ ಹೋಗ್ತದೆ.

ಒಂದು ವಿಷಯ. ನಮ್ಮ ಮನೆಗಳಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆ! ಲಾಕಿಗೆ ಅದನ್ನು ಹಾಕಬೇಡಿ. ಧೂಳು ಹಿಡಿದು ಅಂಟಾಗ್ತದೆ. ತೆಂಗಿನೆಣ್ಣೆ 24 ಡಿಗ್ರಿ ಆಸುಪಾಸಿನಲ್ಲೇ ಗಟ್ಟಿಯಾಗುವ ಎಣ್ಣೆ, ಡಿಸೆಂಬರ್ ಬೆಳಿಗ್ಗೆ ನಿಮ್ಮ ಲಾಕ್ ಪುನಃ ಹಿಡೀತದೆ.

ರಬ್ಬರ್ ಅಂಟಿದ್ದರೆ

ಇದು ಅತಿ ಸುಲಭದ ಕೇಸು, ಆದರೆ ಹೆಚ್ಚು ಹ್ಯಾಂಡಲ್ ಮುರಿಯುವುದೂ ಇಲ್ಲೇ. ಎಳೆಯಬೇಡಿ, ಮೊದಲು ಒತ್ತಿ. ಎರಡೂ ಅಂಗೈ ಇಟ್ಟು ಬಾಗಿಲಿನ ಅಂಚಿನ ಸುತ್ತಲೂ ಮೇಲಿನಿಂದ ಕೆಳಗೆ ಒಳಮುಖವಾಗಿ ಒತ್ತುತ್ತಾ ಬನ್ನಿ. ಒತ್ತಿದಾಗ ರಬ್ಬರ್ ಮತ್ತು ಪೈಂಟಿನ ನಡುವಿನ ಅಂಟು ಬಿಡ್ತದೆ. ಎರಡು ಮೂರು ಸುತ್ತು ಒತ್ತಿದ ಮೇಲೆ ಹ್ಯಾಂಡಲ್ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಬಾಗಿಲಿನ ಅಂಚನ್ನೇ ಹಿಡಿದು ನಿಧಾನ ಎಳೆಯಿರಿ. ಎಲ್ಲೋ ಒಂದು ಕಡೆ ಇನ್ನೂ ಹಿಡಿದಿದ್ದರೆ ಹಳೆಯ ಎಟಿಎಂ ಕಾರ್ಡಿನಂಥ ಮೆತ್ತಗಿನ ಪ್ಲಾಸ್ಟಿಕ್ ತೂರಿಸಿ ಸರಿಸಿ. ಸ್ಕ್ರೂಡ್ರೈವರ್, ಕತ್ತಿ ಬೇಡ. ರಬ್ಬರ್ ಹರಿದರೆ ಮಳೆಗಾಲದಲ್ಲಿ ಕಾರಿನೊಳಗೆ ನೀರು.

ತೆರೆದ ಮೇಲೆ ಒದ್ದೆ ಬಟ್ಟೆಯಿಂದ ರಬ್ಬರ್ ಒರೆಸಿ, ಒಣಗಿಸಿ, ಸಿಲಿಕಾನ್ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಸವರಿ. ಗ್ರೀಸ್, ಎಂಜಿನ್ ಆಯಿಲ್, ಸೀಮೆಎಣ್ಣೆ ಹಾಕಬೇಡಿ, ಪೆಟ್ರೋಲಿಯಂ ಎಣ್ಣೆಗೆ ಈ ರಬ್ಬರ್ ಉಬ್ಬಿ ಹಾಳಾಗ್ತದೆ.

ಯೂಟ್ಯೂಬಿನಲ್ಲಿ ಬಾಗಿಲಿಗೆ ಬಿಸಿಗಾಳಿ ಹೊಡೆಯುವ, ಬಿಸಿನೀರು ಹಾಕುವ ವಿಡಿಯೊ ತುಂಬಾ ಇವೆ. ಅದು ಹಿಮ ಬೀಳುವ ದೇಶದವರಿಗೆ. ನಮ್ಮ ರಬ್ಬರ್ ಅಂಟಿದ್ದೇ ಬಿಸಿಗೆ, ಇನ್ನೂ ಬಿಸಿ ಮಾಡಿದರೆ ಪ್ರಯೋಜನ ಇಲ್ಲ.

ಲ್ಯಾಚ್ ಹಿಡಿದಿದ್ದರೆ

ಇದಕ್ಕೆ ಇಬ್ಬರು ಬೇಕು. ಒಬ್ಬರು ಹ್ಯಾಂಡಲ್ ಎತ್ತಿ ಹಿಡಿಯಬೇಕು, ಇನ್ನೊಬ್ಬರು ಲಾಕ್ ಇರುವ ಜಾಗದಲ್ಲಿ ಬಾಗಿಲನ್ನು ಒಳಗೆ ಒತ್ತಿ ಒತ್ತಿ ಬಿಡಬೇಕು. ಒತ್ತಿದಾಗ ಕೊಂಡಿಯ ಮೇಲಿನ ಭಾರ ಕಡಿಮೆಯಾಗಿ ಲ್ಯಾಚ್ ಬಿಡುವ ಸಾಧ್ಯತೆ ಹೆಚ್ಚು. ಅದಕ್ಕೂ ಬರದಿದ್ದರೆ ಹ್ಯಾಂಡಲಿನ ಎತ್ತರದಲ್ಲಿ ಬಾಗಿಲಿನ ಸಂದಿಯೊಳಗೆ ಸ್ಪ್ರೇಯ ನಳಿಗೆ ತೂರಿಸಿ ಹೊಡೆದು ಕಾಲು ಗಂಟೆ ಬಿಡಿ. ಬ್ಯಾಟರಿ ಸರಿ ಇದ್ದರೆ ರಿಮೋಟಿನಿಂದ ಹತ್ತಾರು ಸಲ ಲಾಕ್ ಮಾಡಿ, ತೆರೆಯಿರಿ. ಒಳಗೆ ಒಬ್ಬರು ಇರಲಿಕ್ಕೆ ಸಾಧ್ಯ ಇದ್ದರೆ ಒಳಗಿನ ಹ್ಯಾಂಡಲನ್ನೂ ಜೊತೆಗೇ ಎಳೆಯಲಿ.

ಹೊರಗಿನಿಂದ ಬಾರದೆ ಒಳಗಿನಿಂದ ತೆರೆದರೆ ಹೊರಗಿನ ಹ್ಯಾಂಡಲಿನ ಕೇಬಲೋ ಸರಳೋ ಹೋಗಿದೆ ಅಂತ ತಿಳೀರಿ. ಎರಡೂ ಕಡೆಯಿಂದ ಬಾರದಿದ್ದರೆ ಅಲ್ಲಿಗೆ ನಿಲ್ಲಿಸಿ, ಮೆಕ್ಯಾನಿಕ್ ಕರೆಯಿರಿ. ಮುಚ್ಚಿದ ಬಾಗಿಲಿನ ಒಳಗಿನ ಹಲಗೆ ಬಿಚ್ಚುವುದು ಅನುಭವ ಇದ್ದವರ ಕೆಲಸ. ಗಾಜಿನ ಸಂದಿಯಿಂದ ಕಬ್ಬಿಣದ ಪಟ್ಟಿ ತೂರಿಸುವ ಹಳೆಯ ಉಪಾಯವನ್ನೂ ಈಗಿನ ಕಾರಿಗೆ ಮಾಡಬೇಡಿ. ಬಾಗಿಲಿನ ಒಳಗೆ ಪವರ್ ವಿಂಡೋದ ವೈರು, ಕೆಲವು ಕಾರಿನಲ್ಲಿ ಏರ್‌ಬ್ಯಾಗಿನ ಸೆನ್ಸರ್ ಕೂಡ ಇರ್ತದೆ.

ಹಿಂಜ್ ತುಕ್ಕು ಹಿಡಿದಿದ್ದರೆ ಬಾಗಿಲು ಸ್ವಲ್ಪ ತೆರೆದು ಕಿರ್ ಅಂತ ನಿಲ್ತದೆ. ಮೈಭಾರ ಹಾಕಬೇಡಿ. ಎರಡೂ ಹಿಂಜಿಗೆ ಸ್ಪ್ರೇ ಹೊಡೆದು, ಅರ್ಧ ಗಂಟೆ ಬಿಟ್ಟು, ಸ್ವಲ್ಪ ಸ್ವಲ್ಪ ಆಡಿಸಿ. ಬಿಟ್ಟ ಮೇಲೆ ತುಕ್ಕಿನ ನೀರು ಒರೆಸಿ ಬಿಳಿ ಲಿಥಿಯಂ ಗ್ರೀಸ್ ಹಚ್ಚಿ. ಲ್ಯಾಚಿಗೂ ಅದೇ ಗ್ರೀಸ್.

ತೆರೆಯಿತು ಅಂದರೆ ಮುಗಿಯಲಿಲ್ಲ

ಈ ಲೇಖನ ಬರೆಯಲಿಕ್ಕೆ ನಿಜವಾದ ಕಾರಣ ಇದು. ಭಾವನ ಕಾರಿನ ಬಾಗಿಲು ನಾಲ್ಕೂ ತೆರೆದವು, ಬ್ಯಾಟರಿ ಬಿಚ್ಚಿ ಚಾರ್ಜಿಗೆ ಕೊಟ್ಟೆವು, ನಾವು ಒಳಗೆ ಚಹಾ ಕುಡಿಯಲಿಕ್ಕೆ ಹೋದೆವು. ಅಕ್ಕನ ಮಗ, ಏಳು ವರ್ಷದವ, ಹಿಂದಿನ ಸೀಟಿಗೆ ಹತ್ತಿ ಬಾಗಿಲು ಹಾಕಿಕೊಂಡ. ಹೊರಗಿನಿಂದ ತೆರೆಯುತ್ತಿದ್ದ ಆ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಬ್ಯಾಟರಿ ಇಲ್ಲ, ಹಾಗಾಗಿ ಗಾಜು ಇಳಿಯುವುದಿಲ್ಲ, ಹಾರ್ನ್ ಇಲ್ಲ. ಮುಂದಿನ ಸೀಟಿಗೆ ದಾಟಿ ಆ ಬಾಗಿಲು ತೆರೆಯುವ ಉಪಾಯ ಹೆದರಿದ ಮಗುವಿಗೆ ಹೊಳೆಯಲಿಲ್ಲ. ಬಟ್ಟೆ ಒಣಗಿಸಲಿಕ್ಕೆ ಅಂಗಳಕ್ಕೆ ಬಂದ ಉಮ್ಮ ಗಾಜು ಬಡಿಯುವ ಶಬ್ದ ಕೇಳಿ ಓಡಿದರು. ಕೆಲವೇ ನಿಮಿಷ. ಆದರೂ ಹುಡುಗ ಬೆವರಿ ಒದ್ದೆಯಾಗಿದ್ದ. ಆ ಹೊತ್ತಿಗೆ ಉಮ್ಮ ಅಂಗಳಕ್ಕೆ ಬಾರದೆ ಇದ್ದಿದ್ದರೆ ಅಂತ ಯೋಚಿಸಿದರೆ ಇವತ್ತಿಗೂ ಕೈ ನಡುಗ್ತದೆ.

ಬಿಸಿಲಲ್ಲಿ ಮುಚ್ಚಿದ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಬಿಸಿ ಏರಬಹುದು. ಗಾಜು ಸ್ವಲ್ಪ ಇಳಿಸಿಟ್ಟರೆ ಸಾಕು ಅನ್ನುವುದು ತಪ್ಪು, ಅದರಿಂದ ಹೆಚ್ಚು ವ್ಯತ್ಯಾಸ ಆಗುವುದಿಲ್ಲ. ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಕಾಯ್ತದೆ. ರಸ್ತೆಯಲ್ಲಿ ಅಪಘಾತ ಆದರೂ ಅಷ್ಟೇ, ಒಳಗಿನಿಂದ ತೆರೆಯದ ಬಾಗಿಲು ದೊಡ್ಡವರನ್ನೂ ಕಟ್ಟಿ ಹಾಕ್ತದೆ. ಹಾಗಾಗಿ ಬಾಗಿಲು ಬಿಟ್ಟ ಕೂಡಲೇ ಈ ಪರೀಕ್ಷೆ ಮಾಡಿ:

ಬಾಗಿಲು ತೆರೆದಿರುವಾಗಲೇ ಲ್ಯಾಚಿನ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದ ಸ್ಥಿತಿಗೆ ತನ್ನಿ. ಆಮೇಲೆ ಹೊರಗಿನ ಹ್ಯಾಂಡಲ್ ಎಳೆಯಿರಿ, ಕೊಕ್ಕೆ ಬಿಡಬೇಕು. ಪುನಃ ಒತ್ತಿ ಒಳಗಿನ ಹ್ಯಾಂಡಲ್ ಎಳೆಯಿರಿ, ಆಗಲೂ ಬಿಡಬೇಕು. ಎರಡರಲ್ಲಿ ಒಂದಕ್ಕೆ ಬಿಡದಿದ್ದರೂ ಆ ಬಾಗಿಲು ಹಾಕಬೇಡಿ, ರಿಪೇರಿ ಮಾಡಿಸಿ.

ಹಿಂದಿನ ಬಾಗಿಲು ಒಳಗಿನಿಂದ ಮಾತ್ರ ತೆರೆಯದಿದ್ದರೆ ಮೊದಲು ಚೈಲ್ಡ್ ಲಾಕ್ ನೋಡಿ. ಬಾಗಿಲು ತೆರೆದಾಗ ಅಂಚಿನಲ್ಲಿ, ಲ್ಯಾಚಿನ ಹತ್ತಿರ ಒಂದು ಸಣ್ಣ ಗುಂಡಿ ಕಾಣ್ತದೆ. ನಮ್ಮ ಕಾರಿನಲ್ಲೂ ಆದದ್ದು ಅದೇ. ಯಾವಾಗಲೋ ಹಾಕಿ ಮರೆತ ಚೈಲ್ಡ್ ಲಾಕ್. ಓಡುವ ಕಾರಿನಲ್ಲಿ ಅದು ಮಗುವನ್ನು ಕಾಯ್ತದೆ, ನಿಂತ ಕಾರಿನಲ್ಲಿ ಅದೇ ಮಗುವನ್ನು ಒಳಗೆ ಹಾಕಿ ಬಿಡ್ತದೆ.

ಮಗು ಒಳಗೆ ಸಿಕ್ಕಿಬಿದ್ದರೆ ಈ ಯಾವ ಸ್ಪ್ರೇ, ಉಪಾಯಕ್ಕೂ ಕಾಯಬೇಡಿ. ಎಲ್ಲ ಬಾಗಿಲು, ಡಿಕ್ಕಿ ಒಮ್ಮೆ ಎಳೆದು ನೋಡಿ. ಆಗದಿದ್ದರೆ ಮಗುವಿನಿಂದ ದೂರದ ಬದಿಯ ಗಾಜಿನ ಮೂಲೆಗೆ ಚೂಪಾದ ಗಟ್ಟಿ ವಸ್ತುವಿನಿಂದ ಹೊಡೆಯಿರಿ. ಎದುರಿನ ಗಾಜಿಗೆ ಹೊಡೆಯಬೇಡಿ, ಅದು ಎರಡು ಪದರದ ಗಾಜು, ಬಿರುಕು ಬಿಡ್ತದೆ, ಒಡೆದು ಬೀಳುವುದಿಲ್ಲ. ಜೊತೆಗೆ ಒಬ್ಬರು 112ಕ್ಕೆ ಅಥವಾ ಅಗ್ನಿಶಾಮಕದ 101ಕ್ಕೆ ಫೋನ್ ಮಾಡಲಿ. ಗಾಜಿನ ಖರ್ಚಿನ ಲೆಕ್ಕ ಆಮೇಲೆ ನೋಡುವ.

ಊರು ಬಿಡುವ ಮೊದಲು ಮಾಡಬೇಕಾದದ್ದು

• ಕಾರು ತೊಳೆದು, ಬಾಗಿಲಿನ ಒಳ ಅಂಚುಗಳನ್ನೂ ಪೂರ್ತಿ ಒಣಗಿಸಿ. ಒದ್ದೆ ಇರುವಾಗ ಮುಚ್ಚಿ ಕವರ್ ಹಾಕಿದರೆ ಒಳಗೇ ಬೂಷ್ಟು.

• ರಬ್ಬರಿಗೆ ಸಿಲಿಕಾನ್ ಸವರಿ. ಅದಿಲ್ಲದಿದ್ದರೆ ಮುಖಕ್ಕೆ ಹಾಕುವ ಟಾಲ್ಕಂ ಪೌಡರ್ ಕೂಡ ಆಗ್ತದೆ.

• ಬಾಗಿಲಿನ ಕೆಳ ಅಂಚಿನಲ್ಲಿ ನೀರು ಹೋಗುವ ಸಣ್ಣ ತೂತುಗಳಿರ್ತವೆ. ಕಸ ಕಟ್ಟಿದ್ದರೆ ಕಡ್ಡಿಯಿಂದ ಬಿಡಿಸಿ. ನೀರು ನಿಂತರೆ ಬಾಗಿಲು ಒಳಗಿನಿಂದಲೇ ತುಕ್ಕು ತಿನ್ನುತ್ತದೆ.

• ಬ್ಯಾಟರಿಯ ಮೈನಸ್ ವೈರು ಬಿಚ್ಚಿಡಿ. ಆಮೇಲೆ ರಿಮೋಟ್ ಕೆಲಸ ಮಾಡುವುದಿಲ್ಲ, ಹಾಗಾಗಿ ಲೋಹದ ಕೀ ಡ್ರೈವರ್ ಬಾಗಿಲಲ್ಲಿ ತಿರುಗ್ತದಾ ಅಂತ ಮೊದಲೇ ನೋಡಿಕೊಳ್ಳಿ. ಉಳಿದ ಬಾಗಿಲಿನ ಲಾಕ್ ಒಳಗಿನಿಂದ ಒತ್ತಿ, ಡಿಕ್ಕಿಯೂ ಲಾಕ್ ಆಗಿದೆಯಾ ಅಂತ ಎಳೆದು ನೋಡಿ.

• ಗಾಳಿಯಾಡುವ ಬಟ್ಟೆಯ ಕವರ್ ಹಾಕಿ. ಪ್ಲಾಸ್ಟಿಕ್ ಟರ್ಪಾಲು ಸುತ್ತಿದರೆ ತೇವ ಒಳಗೇ ಉಳೀತದೆ.

• ಚೈಲ್ಡ್ ಲಾಕ್ ತೆಗೆದಿಡಿ, ಕಾರು ಲಾಕ್ ಮಾಡಿ, ಕೀ ಮಕ್ಕಳ ಕೈಗೆ ಸಿಗದ ಜಾಗದಲ್ಲಿಡಿ. ಲಾಕ್ ಇಲ್ಲದೆ ನಿಂತ ಕಾರು ಮಕ್ಕಳಿಗೆ ಆಟದ ಮನೆ ಆಗಬಾರದು.

• ಮನೆಯಲ್ಲಿ ಒಬ್ಬರಿಗೆ ಜವಾಬ್ದಾರಿ ಕೊಡಿ: ತಿಂಗಳಿಗೊಮ್ಮೆ ನಾಲ್ಕೂ ಬಾಗಿಲು, ಡಿಕ್ಕಿ ತೆರೆದು ಮುಚ್ಚಬೇಕು. ಹತ್ತು ನಿಮಿಷದ ಕೆಲಸ. ಮೇಲೆ ಹೇಳಿದ ಅರ್ಧಕ್ಕರ್ಧ ತೊಂದರೆ ಇಷ್ಟರಿಂದಲೇ ತಪ್ತದೆ.

ಇನ್ನು ಇನ್ಶೂರೆನ್ಸ್ ಉಂಟಲ್ಲ ಅಂತ ಧೈರ್ಯ ಮಾಡುವವರಿಗೆ ಒಂದು ಮಾತು. ಸಾಮಾನ್ಯ ಕಾರ್ ಪಾಲಿಸಿಯಲ್ಲಿ ಸವೆತ, ತುಕ್ಕು, ತನ್ನಿಂತಾನೇ ಕೆಟ್ಟ ಲಾಕ್ ಅಥವಾ ವೈರಿಂಗಿಗೆ ಕ್ಲೇಮ್ ಸಿಗುವುದಿಲ್ಲ. ಖರ್ಚು ನಮ್ಮ ಕಿಸೆಯಿಂದಲೇ. ಒಂದು ಡಬ್ಬ ಸಿಲಿಕಾನ್, ಸ್ವಲ್ಪ ಬಿಳಿ ಗ್ರೀಸ್, ತಿಂಗಳಿಗೆ ಹತ್ತು ನಿಮಿಷ ಒಂದು ಕಡೆ. ಹ್ಯಾಂಡಲ್, ಲ್ಯಾಚ್, ಪೈಂಟ್, ಕೂಲಿ ಇನ್ನೊಂದು ಕಡೆ. ಯಾವುದು ಲಾಭ ಅಂತ ಹೇಳ್ಲಿಕ್ಕೆ ಬಿ.ಕಾಂ. ಬೇಕಾಗಿಲ್ಲ.

ಈ ಸಲ ರಜೆಗೆ ಬಂದು ಕವರ್ ತೆಗೆಯುವಾಗ ನೆನಪಿಡಿ: ಮೊದಲು ಒತ್ತಿ, ಆಮೇಲೆ ಎಳೆಯಿರಿ. ಬಾಗಿಲು ತೆರೆದ ಮೇಲೆ ಒಳಗಿನಿಂದ ಒಮ್ಮೆ ತೆರೆದು ನೋಡಿ. ಅದು ಆದ ಮೇಲೆಯೇ ಮಕ್ಕಳನ್ನು ಹತ್ತಿಸಿ.